ನಾಲ್ಕನೇ ಕುರ್ಚಿ ಅಂದ ‘ಹೌದು’

“ಇನ್ನೊಮ್ಮೆ ಹಾಕ್ರಿ,” ಅಂದಳು ಪೊಲೀಸ್ ಅಧಿಕಾರಿ ನಾಹಿದಾ.

ಇಕ್ಬಾಲರು ಧ್ವನಿಮುದ್ರಣ ಯಂತ್ರವನ್ನು ಮೂರನೇ ಸಲ ಹಿಂದಕ್ಕೆ ಸರಿಸಿದರು. ಮೂವತ್ತು ವರ್ಷ ಶಾಸಕರ ಮಾತನ್ನು ಶೀಘ್ರಲಿಪಿಯಲ್ಲಿ ಹಿಡಿದ ಕೈ ಅದು. ಸದನದ ಕೂಗಾಟ, ಬೈಗುಳ, ಕುರ್ಚಿ ಎಸೆತ, ಯಾವುದಕ್ಕೂ ಜಗ್ಗಿರಲಿಲ್ಲ. ಇವತ್ತು ಒಂದು ಗುಂಡಿಯನ್ನು ಎರಡು ಸಲ ತಪ್ಪಿ ಒತ್ತಿತು.

ಅಧ್ಯಕ್ಷ ಹುಚ್ಚಪ್ಪನವರ ದಪ್ಪ ದನಿ ಕೇಳಿಸಿತು. “ಮೂರನೇ ನಿಯಮ. ಸಾಕ್ಷಿದಾರರ ವಿಚಾರಣೆ ಮುಚ್ಚಿದ ಬಾಗಿಲೊಳಗೆ ನಡೆಯಬೇಕು, ಅವರ ಹೆಸರು ಹೊರಗೆ ಹೋಗಕೂಡದು. ಒಪ್ಪುವವರು ಹೌದು ಎನ್ನಿ. ನಾನು ಹೌದು ಎನ್ನುತ್ತೇನೆ.”

“ಹೌದು.” ಇದು ಸದಸ್ಯೆ ಭುವನೇಶ್ವರಿಯವರದು.

ಆಮೇಲೆ ಒಂದು ಉಸಿರು ಎಳೆದುಬಿಡುವಷ್ಟು ಮೌನ. ನಂತರ ಒಡಕು ಮಡಕೆಯೊಳಗಿಂದ ಬಂದಂಥ ಮೂರನೆಯ ದನಿ.

“ಹೌದು.”

ಮೂರನೆಯ ಸದಸ್ಯ ಜುಲ್ಫಿಕಾರ, ಇದೇ ಅತಿಥಿಗೃಹದ ಏಳನೇ ಕೋಣೆಯಲ್ಲಿ, ಮುಖದ ಮೇಲೆ ತಲೆದಿಂಬು ಒತ್ತಿಸಿಕೊಂಡು ಸತ್ತದ್ದು ನಿನ್ನೆ ಬೆಳಿಗ್ಗೆ ಹತ್ತರೊಳಗೆ ಎಂದು ಡಾಕ್ಟರು ಬರೆದುಕೊಟ್ಟಿದ್ದರು. ಈ ‘ಹೌದು’ ಬಿದ್ದದ್ದು ನಿನ್ನೆ ಹನ್ನೊಂದೂವರೆಗೆ.

“ಯಾರ ದನಿ ಇದು?” ಕೇಳಿದಳು ನಾಹಿದಾ.

“ಜುಲ್ಫಿಕಾರ ಸಾಹೇಬ್ರ ಗಂಟಲ ಹಿಂಗ ಒಡಕ ಇತ್ರಿ ಮೇಡಂ. ಬೀಡಿ ಸೇದಿ ಸೇದಿ.” ಇಕ್ಬಾಲರು ತಮ್ಮ ಪುಸ್ತಕ ತಿರುಗಿಸಿ ತೋರಿಸಿದರು. “ನಾ ಬರಿಯೂ ಮುಂದ ತಲಿ ಎತ್ತಂಗಿಲ್ಲ. ಹೊಸಾ ಸಮಿತಿ ಕೂಡಿತಂದ್ರ ಮೊದಲ ಕುರ್ಚಿ ನಕಾಶಿ ಹಾಕ್ಕೋತೇನಿ, ಒಂದಕ್ಕ ಅಧ್ಯಕ್ಷರು, ಎರಡಕ್ಕ ಇವರು, ನಾಲ್ಕಕ್ಕ ಜುಲ್ಫಿಕಾರ ಸಾಹೇಬ್ರು ಅಂತ. ಆಮ್ಯಾಲ ದನಿ ಯಾ ಕುರ್ಚಿಯಿಂದ ಬಂತೋ ಆ ನಂಬರ ಬರಿಯೂದು. ಹೆಸರು ಬರೀತಾ ಕುಂತ್ರ ಮಾತು ಓಡಿಹೋಗತಾವ.”

ಪುಟದಲ್ಲಿ ಹುಳದಂಥ ಗೆರೆಗಳ ನಡುವೆ ಸ್ಪಷ್ಟವಾಗಿ ಒಂದು ಅಂಕಿ ಇತ್ತು. ನಾಲ್ಕು. ಅದರ ಮುಂದೆ, ಹೌದು.

“ನಾಲ್ಕನೇ ಕುರ್ಚಿಯಿಂದನ ಬಂತ್ರಿ,” ಅಂದರು ಇಕ್ಬಾಲರು. “ಬೇಕಾದ್ರ ಕುರಾನ್ ಮುಟ್ಟಿ ಹೇಳ್ತೇನಿ.”

ನಾಹಿದಾ ಆ ಕುರ್ಚಿಯ ಕಡೆ ನೋಡಿದಳು. ಕುದುರೆಲಾಳದ ಆಕಾರದ ಮೇಜಿನ ಮೂಲೆಯಲ್ಲಿ, ಕಂಬದ ಪಕ್ಕ, ಅದು ಸುಮ್ಮನೆ ಕೂತಿತ್ತು. ಅದರ ಮುಂದೆ ಒಂದು ಲೋಟದಲ್ಲಿ ಮೂರು ಅಗರಬತ್ತಿ ಉರಿಯುತ್ತಿದ್ದವು. ಕಸ ಹೊಡೆಯುವ ಮುರಿಗೆವ್ವ ಬೆಳಿಗ್ಗೆಯೇ ಹಚ್ಚಿಟ್ಟು ಹೋಗಿದ್ದಳು. ಯಾಕವ್ವಾ ಅಂದರೆ, “ಸತ್ತಾಂವ ಬಂದು ಕುಂತು ಹೋಗ್ಯಾನ, ಬರೀ ಕೈಲೆ ಕಳಸಬಾರದು,” ಅಂದಿದ್ದಳು.

ಆ ವಾಸನೆ ನಾಹಿದಾಳಿಗೆ ಆಗುತ್ತಿರಲಿಲ್ಲ. ಶಾಸಕರ ಈ ತನಿಖಾ ಸಮಿತಿ ಹುಟ್ಟಿದ್ದೇ ಆ ವಾಸನೆಯಿಂದ. ಲಕಮನಹಳ್ಳಿಯ ಅಗರಬತ್ತಿ ಕಾರ್ಖಾನೆಗೆ ಬೆಂಕಿ ಬಿದ್ದ ದಿನ ಮೊದಲು ಹೋದ ಪೊಲೀಸು ಅವಳೇ. ಹಿಂಬಾಗಿಲಿಗೆ ಹೊರಗಿನಿಂದ ಕೀಲಿ ಜಡಿದಿತ್ತು. ಬಾಗಿಲ ಹೊರಗೆ, ಸಾಲಾಗಿ, ಹನ್ನೊಂದು ಜೋಡಿ ಚಪ್ಪಲಿ. ಒಳಗಿದ್ದ ಹನ್ನೊಂದು ಹೆಣ್ಣುಮಕ್ಕಳಲ್ಲಿ ಒಬ್ಬಳೂ ಚಪ್ಪಲಿ ಮೆಟ್ಟಲು ಹೊರಗೆ ಬರಲಿಲ್ಲ. ಈಗಲೂ ಯಾರ ಮನೆ ಮುಂದೆ ಚಪ್ಪಲಿ ಕಂಡರೂ ಅವಳು ತನಗೇ ಗೊತ್ತಿಲ್ಲದೆ ಎಣಿಸುತ್ತಾಳೆ.

“ಎದ್ದು ಬರ್ರಿ ಇಕ್ಬಾಲ ಸಾಹೇಬ್ರ, ಒಂದು ಕಪ್ ಚಾ ಕುಡೀರಿ,” ಅಂದಳು. “ಹನಮೇಶ ಅವರನ್ನ ಒಳಗ ಕಳಸ್ರಿ.”

ಹನಮೇಶ ಸಮಿತಿಯ ಕಾರ್ಯದರ್ಶಿ. ಇಸ್ತ್ರಿ ಮುರಿಯದ ಅಂಗಿ, ಕನ್ನಡಿಯಂತೆ ಹೊಳೆಯುವ ಬೂಟು, ಯಾರಿಗೂ ಎತ್ತರಿಸದ ದನಿ. ಬೆಂಕಿಯಲ್ಲಿ ಸತ್ತವರ ಮನೆಗಳಿಗೆ ತಿರುಗಿ ಅರ್ಜಿ ಬರೆದುಕೊಟ್ಟವನೂ ಅವನೇ. ಅವನ ಬಗ್ಗೆ ಕೆಟ್ಟ ಮಾತಾಡುವವರು ಈ ಅವಳಿನಗರದಲ್ಲಿ ಸಿಕ್ಕಿರಲಿಲ್ಲ. ಹಾಗೆ ಯಾರೂ ಸಿಗದಿದ್ದದ್ದೇ ನಾಹಿದಾಳಿಗೆ ಒಂದಿಷ್ಟು ಕಿರಿಕಿರಿ.

ಅವಳು ಎರಡು ಪುಸ್ತಕಗಳನ್ನು ಅವನ ಮುಂದೆ ತೆರೆದಿಟ್ಟಳು. ಒಂದು ಅತಿಥಿಗೃಹದ ದಾಖಲೆ ಪುಸ್ತಕ. ಇನ್ನೊಂದು ನಿನ್ನೆಯ ಸಭೆಯ ಹಾಜರಿ ಪುಸ್ತಕ.

“ಎರಡರಾಗೂ ಜುಲ್ಫಿಕಾರ ಸಾಹೇಬ್ರ ಸಹಿ ಐತಿ. ನೋಡ್ರಿ.”

“ನೋಡಿದೆ. ಎರಡೂ ಒಂದ ಅದಾವಲ್ರಿ.”

“ಅವರು ಎಡಚರು. ಬರಕೋತ ಹೋದಂಗ ಕೈ ಹಸೀ ಶಾಯಿ ಮ್ಯಾಲೆ ಎಳೀತೈತಿ. ಈ ಅತಿಥಿಗೃಹದ ಪುಸ್ತಕದಾಗ ಮೊನ್ನೆ ಸಂಜಿ ಮಾಡಿದ ಸಹಿ ನೋಡ್ರಿ, ಕಾಡಿಗಿ ಒರಸಿದಂಗ ಐತಿ. ಸಭೆಯ ಪುಸ್ತಕದಾಗ?”

ಸಭೆಯ ಪುಸ್ತಕದ ಸಹಿ ತೊಳೆದ ತಟ್ಟೆಯಂತೆ ಸ್ವಚ್ಛವಾಗಿತ್ತು.

ಹನಮೇಶ ಕರವಸ್ತ್ರ ತೆಗೆದ, ಮಡಚಿದ, ಮತ್ತೆ ಕಿಸೆಗೆ ಇಟ್ಟ.

“ನಾನ ಮಾಡಿದ್ದು,” ಅಂದ.

ನಾಹಿದಾ ಕುರ್ಚಿಗೆ ಒರಗಿದಳು. ಇಷ್ಟು ಸಲೀಸಾಗಿ ಒಪ್ಪುತ್ತಾನೆಂದು ಅವಳು ಅಂದುಕೊಂಡಿರಲಿಲ್ಲ.

“ಯಾಕ?”

“ಒಂಬತ್ತು ಮಂದಿ ಸಮಿತಿ ರೀ ಮೇಡಂ. ಕೋರಂಗೆ ಮೂವರರ ಬೇಕು. ಆರು ಮಂದಿ ಒಬ್ಬೊಬ್ಬರು ಒಂದೊಂದು ನೆವಾ ಹೇಳಿದ್ರು. ಕಾರ್ಖಾನಿ ಮಾಲಕನ ಫೋನು ಯಾರ್ಯಾರಿಗೆ ಹೋಗಿತ್ತೋ ದೇವರಿಗೆ ಗೊತ್ತು. ಹುಚ್ಚಪ್ಪನವರು, ಭುವನೇಶ್ವರಿ ಅಕ್ಕಾವ್ರು, ಜುಲ್ಫಿಕಾರ ಸಾಹೇಬ್ರು. ಇಷ್ಟ ಮಂದಿ. ಹದಿನೈದು ದಿನದಾಗ ಮೊದಲನೇ ಸಭೆ ಕೂಡಿ, ತನ್ನ ನಿಯಮ ತಾನ ಮಾಡಿಕೊಳ್ಳದಿದ್ರ ಸಮಿತಿ ರದ್ದು ಅಂತ ಸದನದ ನಿರ್ಣಯದಾಗನ ಐತಿ. ನಿನ್ನಿ ಹದಿನೈದನೇ ದಿನ.”

“ಹೂಂ.”

“ಹನ್ನೊಂದಕ್ಕ ಸಭೆ. ಅರ್ಧ ತಾಸು ಕಾಯ್ತಾರ, ಕೋರಂ ಇಲ್ಲಂದ್ರ ಎದ್ದು ಹೋಗ್ತಾರ. ಹತ್ತೂಮುಕ್ಕಾಲಕ್ಕ ಸಾಹೇಬ್ರನ್ನ ಕರಿಯಾಕ ಏಳನೇ ಖೋಲಿಗೆ ಹೋದೆ. ಬಾಗಲಾ ಬರೇ ಮುಂದ ಮಾಡಿತ್ತು. ದೂಡಿದೆ.” ಅವನ ದನಿ ಸಣ್ಣದಾಯಿತು. “ಮಲಗಿದ್ರು. ಮಾರಿ ಮ್ಯಾಲೆ ದಿಂಬು ಇತ್ತು. ಕಾಲು ಮುಟ್ಟಿದೆ, ತಣ್ಣಗಾಗಿದ್ವು.”

“ಪೊಲೀಸರಿಗೆ ಹೇಳಲಿಲ್ಲ.”

“ಹೇಳಿದ್ರ ಸಭೆ ಇರತಿತ್ತೇನ್ರಿ? ಹನ್ನೊಂದು ಹುಡಿಗ್ಯಾರ ಜೀವದ ಲೆಕ್ಕ ಯಾರು ಕೇಳ್ತಿದ್ರು? ಬಾಗಲಾ ಹಂಗ ಎಳಕೊಂಡು ಬಂದೆ. ಸಹಿ ಮಾಡಿದೆ. ಸಾಹೇಬ್ರು ಬದುಕಿದ್ರ ಅವರೂ ಇದನ್ನ ಮಾಡು ಅಂತಿದ್ರು.”

“ಬಾಗಲಾ ಹಂಗ ಎಳಕೊಂಡು ಬಂದ್ರಿ. ಕೀಲಿ ಹಾಕಲಿಲ್ಲ?”

“ಇಲ್ರಿ.”

“ಎರಡ ಗಂಟೇಕ್ಕ ನಾವು ಬಂದಾಗ ಹೊರಗಿಂದ ಕೀಲಿ ಬಿದ್ದಿತ್ತು. ಬಾಗಲಾ ಒಡದು ಒಳಗ ಹೋದ್ವಿ. ಕೀಲಿಕೈ ಇನ್ನೂ ಸಿಕ್ಕಿಲ್ಲ.”

ಹನಮೇಶ ನಾಲ್ಕನೇ ಕುರ್ಚಿಯ ಕಡೆ ನೋಡಿ ಕಣ್ಣು ತಗ್ಗಿಸಿದ. “ಹಂಗಾರ ನಾ ಒಳಗ ಹೋದಾಗ ಕೊಂದಾಂವ ಅಲ್ಲೇ, ಬಚ್ಚಲದಾಗ ಇದ್ದಿರಬೇಕು. ಅದನ್ನ ನೆನಸಿಕೊಂಡ್ರ ರಾತ್ರಿ ನಿದ್ದಿ ಹತ್ತಂಗಿಲ್ರಿ.”

ನಾಹಿದಾ ಇನ್ನೊಂದು ಹಾಳೆ ತೆಗೆದಳು. ಜುಲ್ಫಿಕಾರರ ಕನ್ನಡಕದ ಡಬ್ಬಿಯಲ್ಲಿ ಮಡಚಿಟ್ಟದ್ದು ಸಿಕ್ಕಿತ್ತು. ಸಮಿತಿಯ ನಿಯಮಗಳ ಕರಡು, ಅವರದೇ ಕೈಬರಹ, ಶಾಯಿ ಎಳೆದಾಡಿದ ಅಕ್ಷರ.

“ಸಭೆಯೊಳಗ ಐದು ನಿಯಮ ಪಾಸಾದ್ವು. ಸಾಹೇಬ್ರು ಬರದಿದ್ದು ಆರು. ಆರನೇದ್ದು ಎಲ್ಲಿ ಹೋತು?” ಅವಳು ಓದಿದಳು. “‘ಸಾಕ್ಷಿದಾರರ ಹೆಸರು, ವಿಳಾಸದ ಪಟ್ಟಿ ಅಧ್ಯಕ್ಷರ ಬಳಿ ಮಾತ್ರ ಇರತಕ್ಕದ್ದು. ಅಧಿಕಾರಿಗಳಾರೂ ಅದನ್ನು ನೋಡಕೂಡದು.’”

ಹನಮೇಶ ನಕ್ಕ. ಬೇಸರದ ನಗೆ. “ನಮ್ಮ ಮ್ಯಾಲೆ ಅವರಿಗೆ ಅಷ್ಟ ನಂಬಿಗಿ ಬಿಡ್ರಿ. ರಾಜಕೀಯದಾಗಿನ ಮಂದಿ ಹಂಗ. ವ್ಯಾಳ್ಯಾ ಸಾಲಲಿಲ್ಲ, ಮುಂದಿನ ಸಭೆಗೆ ಇಟ್ಟೇವಿ.”

ಆಮೇಲೆ ಅವನೇ ಮುಂದಕ್ಕೆ ಬಾಗಿದ. “ಮೇಡಂ, ನನ್ನ ನೌಕರಿ ಹೋಗಲಿ, ಜೇಲಿಗೂ ಹೋಗ್ತೇನಿ. ಆದ್ರ ಒಂದು ಮಾತು. ಈ ಸಹಿ ಖೊಟ್ಟಿ ಅಂತ ನೀವು ಬರದ್ರಿ ಅಂದ್ರ ಕೋರಂ ಇಲ್ಲ. ಕೋರಂ ಇಲ್ಲಂದ್ರ ಸಭೆ ಆಗೇ ಇಲ್ಲ. ಸಭೆ ಇಲ್ಲಂದ್ರ ಮೂರನೇ ನಿಯಮಾನೂ ಇಲ್ಲ. ನಿನ್ನಿ ಮಧ್ಯಾಹ್ನ ಮೊದಲನೇ ಸಾಕ್ಷಿ, ಬೆಂಕಿಯಿಂದ ಬದುಕಿ ಉಳದ ಕರೀಮಾಬಿ ಆಣಿ ಮಾಡಿ ಹೇಳಿದ್ದೆಲ್ಲಾ ಆಕಿ ಹೆಸರಿನ ಸಮೇತ ಬಯಲಿಗೆ ಬೀಳತೈತಿ. ಆ ಮುದುಕಿ ನಾಳೆ ಸಂತಿಗೆ ಹೋಗಿ ಬರ್ತಾಳ ಅನ್ನೂ ಖಾತ್ರಿ ನೀವು ಕೊಡ್ತೀರೇನು?”

ನಾಹಿದಾ ಎರಡೂ ಪುಸ್ತಕ ಮುಚ್ಚಿದಳು. ಅತ್ತ ದರಿ ಇತ್ತ ಪುಲಿ. ಬರೆದರೆ ಕರೀಮಾಬಿ ಬೀದಿಗೆ ಬೀಳುತ್ತಾಳೆ. ಬರೆಯದಿದ್ದರೆ ಕೊಂದವನಿಗೆ ಸತ್ತವನೇ ಸಾಕ್ಷಿಯಾಗುತ್ತಾನೆ, ಹನ್ನೊಂದೂವರೆಯವರೆಗೆ ನಾನು ಬದುಕಿದ್ದೆ ಅಂತ.

“ಸಹಿ ನಿಮ್ಮದು. ‘ಹೌದು’ ಅಂದಾವ್ರು ಯಾರು?”

“ನನಗ ಗೊತ್ತಿಲ್ರಿ.” ಅವನ ಮುಖ ನಿಜವಾಗಿಯೂ ಬಿಳಿಚಿಕೊಂಡಿತ್ತು. “ಕರೆಂಟ್ ಹೋಗಿತ್ತು. ಒಳಗಿಂದು ಯಾರಿಗೂ ಕಾಣಬಾರದು ಅಂತ ಕಿಡಕಿಗೆಲ್ಲಾ ದಪ್ಪನ್ನ ಪರದೆ ಬಿಟ್ಟಿದ್ವಿ. ಅಧ್ಯಕ್ಷರ ಮುಂದೊಂದು, ಇಕ್ಬಾಲ ಸಾಹೇಬ್ರ ಮುಂದೊಂದು ಮೇಣಬತ್ತಿ ಇಟ್ವಿ, ಪುಸ್ತಕದಾಗ ಮೂರು ಸಹಿ ನೋಡಿ ಅಧ್ಯಕ್ಷರು ಶುರು ಮಾಡಿದ್ರು. ಮೂಲ್ಯಾಗ ಕತ್ತಲಿ ಅಂದ್ರ ಕತ್ತಲಿ. ನಾ ಬಾಗಲದಾಗ ನಿಂತಿದ್ದೆ. ನಾಲ್ಕನೇ ಕುರ್ಚಿ ಖಾಲಿ ಇತ್ತು ಅಂತ ತಿಳದಿದ್ದೆ.”

ಭುವನೇಶ್ವರಿಯವರೂ ಬೆಳಿಗ್ಗೆ ಹೆಚ್ಚುಕಡಿಮೆ ಅದನ್ನೇ ಹೇಳಿದ್ದರು. ಆ ಮೂಲೆಯಲ್ಲಿ ಬಿಳೀ ಬಟ್ಟೆ ಕಂಡ ಹಾಗಾಯಿತು, ಸಾಹೇಬ್ರು ಯಾವಾಗಲೂ ಬಿಳೀದನ್ನೇ ಹಾಕೋದು, ಅದಕ್ಕೆ ಅವರೇ ಅಂದುಕೊಂಡೆ ಅಂತ. ಹೇಳಿ ಮುಗಿಸುವಷ್ಟರಲ್ಲಿ ಅವರ ತೋಳಿನ ಮೇಲೆ ಮುಳ್ಳೆದ್ದಿದ್ದವು.

ನಾಹಿದಾ ಯಂತ್ರವನ್ನು ತಾನೇ ಎತ್ತಿಕೊಂಡಳು. ಗುಂಡಿ ಒತ್ತಿದಳು. ಹೌದು. ಈ ಸಲ ನಿಲ್ಲಿಸಲಿಲ್ಲ, ಮುಂದಕ್ಕೆ ಬಿಟ್ಟಳು. ಹುಚ್ಚಪ್ಪನವರು ನಾಲ್ಕನೇ ನಿಯಮ ಓದಲು ಶುರುಮಾಡಿದರು. ಅವರ ದನಿಯ ಅಡಿಯಲ್ಲಿ, ಬಟ್ಟೆಯಲ್ಲಿ ಅದುಮಿದ ಒಂದು ಕೆಮ್ಮು. ಒಣ ಕೆಮ್ಮು. ಎರಡು ಸಲ, ತಡೆದು, ಮತ್ತೆ ಒಂದು ಸಲ.

ಅವಳು ಯಂತ್ರವನ್ನು ಕಿವಿಯ ಹತ್ತಿರ ತಂದಳು. ಈ ಕೆಮ್ಮನ್ನು ಅವಳು ಕೇಳಿದ್ದಳು. ಬೆಂಕಿಯಾದ ಮರುದಿನ, ಆಸ್ಪತ್ರೆಯ ವಾರ್ಡಿನಲ್ಲಿ, ಹೊಗೆ ಕುಡಿದು ಬದುಕಿದವರ ಎದೆಯಿಂದ ಬರುವ ಕೆಮ್ಮು. ನಿನ್ನೆ ಈ ಕಟ್ಟಡದಲ್ಲಿ ಅಂಥ ಎದೆ ಇದ್ದದ್ದು ಒಬ್ಬಳದೇ.

“ಇದು ಸತ್ತಾಂವ ಅಂದ ಹೌದು ಅಲ್ಲ,” ಅಂದಳು ನಿಧಾನಕ್ಕೆ. “ಕರೀಮಾಬಿ ಎಲ್ಲಿ ಇರ್ತಾಳ?”

ಹನಮೇಶನ ಕಣ್ಣು ಒಂದು ಗಳಿಗೆ ಯಂತ್ರದ ಮೇಲೆಯೇ ನಿಂತಿತು. ಆಮೇಲೆ ಅಂಗಿಯ ಕಿಸೆಯನ್ನು ಮೆಲ್ಲಗೆ ತಟ್ಟಿಕೊಂಡ. “ನಾಲ್ಕು ಸಾಕ್ಷಿ, ನಾಲ್ಕು ವಿಳಾಸ. ಇದರದು ಇನ್ನೊಂದು ಪ್ರತಿ ಎಲ್ಲೂ ಇಲ್ರಿ. ಕಾಗದ ಕೊಡಾಕ ನಿಯಮ ಇಲ್ಲ. ಮನಿ ತೋರಸ್ತೇನಿ, ನಡೀರಿ.”

* * *

ಶಿರಗುಪ್ಪಿ ಮುಟ್ಟುವ ಹೊತ್ತಿಗೆ ಬಿಸಿಲು ಇಳಿಮುಖವಾಗಿತ್ತು. ಓಣಿ ಸಣ್ಣದೆಂದು ಜೀಪನ್ನು ಬಾಯಲ್ಲೇ ನಿಲ್ಲಿಸಿ, ಕಾನ್‌ಸ್ಟೇಬಲ್ ಅರಫಾತನನ್ನು ಅಲ್ಲೇ ಬಿಟ್ಟು ಇಬ್ಬರೂ ನಡೆದರು.

ಕರೀಮಾಬಿ ತನ್ನ ಅಕ್ಕನ ಮನೆಯಲ್ಲಿ ಇದ್ದಳು. ಆ ಮನೆಯ ಯಾವ ಬಾಗಿಲಿಗೂ ಚಿಲಕವಿರಲಿಲ್ಲ. ಮುಂಬಾಗಿಲನ್ನೇ ಕಿತ್ತು ಗೋಡೆಗೆ ಒರಗಿಸಿ, ಹಳೇ ಸೀರೆಯ ಪರದೆ ಇಳಿಬಿಟ್ಟಿದ್ದರು. ಹಾಕಿದ ಬಾಗಿಲ ಹಿಂದೆ ಅವಳು ಮಲಗುವುದಿಲ್ಲವಂತೆ. ನಾಹಿದಾ ಹೊಸ್ತಿಲ ಹೊರಗೆ ತನ್ನ ಬೂಟು ಬಿಚ್ಚಿಟ್ಟಳು. “ನೀವು ಮಾತಾಡ್ರಿ ಮೇಡಂ, ಹೆಂಗಸರು ಹೆಂಗಸರು. ನಾ ಇಲ್ಲೇ ಕಟ್ಟೀ ಮ್ಯಾಲೆ ಇರ್ತೇನಿ,” ಅಂದ ಹನಮೇಶ. ಅವನೂ ಬೂಟು ಬಿಚ್ಚಿ, ಒಂದರ ಪಕ್ಕ ಒಂದು ನೇರವಾಗಿ ಜೋಡಿಸಿ ಕೂತ.

ಕರೀಮಾಬಿ ನೆಲದ ಮೇಲೆ ಕೂತು ಕೌದಿ ಹೊಲಿಯುತ್ತಿದ್ದಳು. ಬಿಳೀ ಓಢಣಿ. ಹಿಂದಿನ ಗೋಡೆಯ ಮೊಳೆಗೆ ಹತ್ತಿಪ್ಪತ್ತು ಕೀಲಿಕೈಗಳು ನೇತಾಡುತ್ತಿದ್ದವು. ಪೆಟ್ಟಿಗೆಯವು, ಸೈಕಲ್ಲಿನವು, ತುಕ್ಕು ಹಿಡಿದವು.

“ಖಾಲಾ, ನಿನ್ನಿ ಆ ದೊಡ್ಡ ಮೇಜಿನ ಕಡೆ ಕುಂತಿದ್ರಿ ಏನು? ಮೂಲ್ಯಾಗ, ಕಂಬದ ಬಾಜೂಕ?”

“ಕುಂತಿದ್ನೆಲ್ಲಾ ಮಗಳ. ತಪ್ಪಾತೇನು?”

ಅದೇ ದನಿ. ಒಡಕು ಮಡಕೆಯ ದನಿ.

“ಅಧ್ಯಕ್ಷರು ಕೇಳಿದಾಗ ಹೌದು ಅಂದ್ರಿ?”

“ಕೇಳಿದ್ರು, ಅಂದೆ. ಎಲ್ಲಾರೂ ಅಂದ್ರು, ಆಮ್ಯಾಲ ಸುಮ್ಮಕಾದ್ರು. ನನ್ನ ಸರದಿ ಏನೋ ಅಂತ ತಿಳದೆ.” ಅವಳು ಸೂಜಿಯನ್ನು ಕೌದಿಗೆ ಚುಚ್ಚಿ ಇಟ್ಟಳು. “ಬಾಗಲಾ ಮುಚ್ಚತೇವಿ ಅಂದಾಗ ಜೀವಾ ಝಲ್ಲ ಅಂತ ನೋಡು. ಆ ದಿವಸ ನಾ ಹೊರಗ ಕಡ್ಡಿ ಒಣಾ ಹಾಕಾಕತ್ತಿದ್ದೆ, ನನ್ನ ಮಗಳು ಫರಹತ ಒಳಗ. ಕಲ್ಲು ತಗೊಂಡು ಕೀಲಿ ಜಜ್ಜಿದೆ, ಜಜ್ಜಿದೆ. ಒಳಗಿಂದ ಬಡಿಯೂದು ನಿಂತಮ್ಯಾಗೂ ಜಜ್ಜಿದೆ. ಇನ್ನ ಯಾವ ಬಾಗಲಾನೂ ಮುಚ್ಚಬ್ಯಾಡ್ರಿ ಅಂತ ಹೇಳಬೇಕಂತಿದ್ದೆ. ಆದ್ರ ಹೆಸರು ಹೊರಗ ಹೋಗಂಗಿಲ್ಲ ಅಂದ್ರಲ್ಲ. ಹೌದು ಅಂದೆ.”

ಈ ಹೆಂಗಸಿನ ಜೀವ ಕಾಯುವ ನಿಯಮಕ್ಕೆ ಮೂರನೆಯ ಒಪ್ಪಿಗೆ ಕೊಟ್ಟವಳು ಈಕೆಯೇ. ಈಕೆಯದಾದ್ದರಿಂದಲೇ ಆ ಒಪ್ಪಿಗೆಗೆ ಕವಡೆಯ ಬೆಲೆಯಿಲ್ಲ. ಬರೆದುಕೊಳ್ಳಲು ತೆಗೆದ ಪೆನ್ನನ್ನು ನಾಹಿದಾ ತೊಡೆಯ ಮೇಲೆ ಇಟ್ಟುಕೊಂಡಳು.

“ನನ್ನ ಹೆಸರು ಬರಕೋತಿ ಏನು?” ಕೇಳಿದಳು ಕರೀಮಾಬಿ.

“ಇನ್ನೂ ಇಲ್ಲ, ಖಾಲಾ.”

“ಬರಕೋ. ಕೂಸನ್ನ ಕಳಕೊಂಡಾಕಿಗೆ ಇನ್ನ ಏನು ಕಳೀಲಿಕ್ಕೆ ಐತಿ.” ಅಂದವಳು ಏನೋ ನೆನಪಾದಂತೆ ಗೋಡೆಯ ಕಡೆ ತಿರುಗಿದಳು. “ಬಂದದ್ದು ಛಲೋ ಆತು. ಒಂದು ತಿರುಗಿ ಮುಟ್ಟಸಬೇಕು ನೀನು. ಎಲ್ಲೇ ಕೀಲಿಕೈ ಕಂಡ್ರೂ ನನಗ ಬಿಟ್ಟು ಬರಾಕ ಆಗಂಗಿಲ್ಲ ಮಗಳ, ಆವತ್ತಿಂದ ಹಿಂಗ ಆಗೇತಿ. ಅಕ್ಕ ಬೈತಾಳ, ನಾ ಮತ್ತ ಅವರವರಿಗೆ ಕೊಟ್ಟ ಬರ್ತೇನಿ. ಇದು ನಿನ್ನಿ ಅಲ್ಲೇ ಇತ್ತು, ಆ ಸಹಿ ಪುಸ್ತಕದ ತೆಳಗ.”

ಮೊಳೆಯಿಂದ ಒಂದನ್ನು ಬಿಡಿಸಿ ನಾಹಿದಾಳ ಅಂಗೈಗೆ ಹಾಕಿದಳು. ಹಿತ್ತಾಳೆಯ ಬಿಲ್ಲೆ. ಅದರ ಮೇಲೆ ಕೆತ್ತಿದ ಏಳು.

ನಾಹಿದಾ ಅದನ್ನೇ ನೋಡುತ್ತ ಕೂತಳು. ನಿನ್ನೆಯಿಂದ ಇಬ್ಬರು ಪೊಲೀಸರು ಅತಿಥಿಗೃಹದ ಗಟಾರವನ್ನೂ ಬಿಡದೆ ಇದನ್ನೇ ಹುಡುಕಿದ್ದರು. ಏಳನೇ ಕೋಣೆಗೆ ಕೀಲಿ ಹಾಕಿದವನು ನೇರ ಸಭೆಯ ಹಾಲಿಗೆ ಬಂದು, ಹಾಜರಿ ಪುಸ್ತಕ ತೆರೆದು, ನಾಲ್ಕನೇ ಕುರ್ಚಿಯಲ್ಲಿ ಕೂತಿದ್ದ.

“ಖಾಲಾ.” ತನ್ನ ದನಿ ತನಗೇ ಬೇರೆಯವರದೆನಿಸಿತು. “ಆ ಕುರ್ಚಿ ಮ್ಯಾಲೆ ನಿಮ್ಮನ್ನ ಯಾರು ಕುಂದರಸಿದ್ರು?”

“ನಾ ಲಗೂನ ಹೋಗಿದ್ದೆ. ಕೆಮ್ಮಿ ಕೆಮ್ಮಿ ನಿಂದ್ರಾಕ ಆಗವಲ್ದಾಗಿತ್ತು. ಅವರು ಅಲ್ಲೇ ಕುಂತು ಏನೋ ಬರಿಯಾಕತ್ತಿದ್ರು. ನನ್ನ ನೋಡಿದವರನ ಎದ್ದು, ‘ಬರ್ರಿ ಅವ್ವಾ, ಕುಂದರ್ರಿ, ನೀರು ತರ್ತೇನಿ’ ಅಂದ್ರು. ಅಷ್ಟರಾಗ ಕರೆಂಟ್ ಹೋತು, ದೊಡ್ಡವರು ಬಂದ್ರು, ನಾ ಅಲ್ಲೇ ಉಳದೆ. ಕುರ್ಚಿ ಇನ್ನೂ ಬೆಚ್ಚಗಿತ್ತು ನೋಡು.” ಅವಳು ಪರದೆಯ ಕಡೆ ಕೈಮಾಡಿ ಮೊದಲ ಸಲ ನಕ್ಕಳು. “ಅವರನ, ನಿನ್ನ ಜೋಡಿ ಬಂದಾರಲ್ಲ. ದೇವರಂಥಾ ಮನಶ್ಯಾ.”

ನಾಹಿದಾ ಎದ್ದ ರಭಸಕ್ಕೆ ಪೆನ್ನು ಉರುಳಿ ಕೌದಿಯ ಮೇಲೆ ಬಿತ್ತು. ಪರದೆ ಸರಿಸಿದಳು.

ಕಟ್ಟೆ ಖಾಲಿ ಇತ್ತು. ಹೊಸ್ತಿಲ ಹೊರಗೆ ಹನಮೇಶನ ಬೂಟು ಇಟ್ಟ ಹಾಗೆಯೇ ಇದ್ದವು, ಒಂದರ ಪಕ್ಕ ಒಂದು, ಹೊಳೆಯುತ್ತ. ಸದ್ದಾಗದಂತೆ ಬರಿಗಾಲಲ್ಲೇ ಹೋಗಿದ್ದ. ಓಣಿಯ ಧೂಳಿನಲ್ಲಿ ಹೆಜ್ಜೆಗಳು ಜೀಪಿನ ಕಡೆಗಲ್ಲ, ಹಿತ್ತಲ ಹೊಲದ ಕಡೆಗೆ ಹೊರಟಿದ್ದವು. ಹನ್ನೆರಡನೇ ಜೋಡಿ, ಎಂದು ಅವಳ ಮನಸ್ಸು ತಾನಾಗಿಯೇ ಎಣಿಸಿತು.

ಅವಳು ಅರಫಾತನನ್ನು ಕೂಗಿ ಹೊಲದ ಕಡೆ ಓಡಿಸಿದಳು. ಆಮೇಲೆ ಹೊಳೆದದ್ದಕ್ಕೆ ಅವಳು ಪರದೆ ಸರಿಸಿ ಒಳಗೆ ತಿರುಗಿ ಬಂದಳು. ಆ ಕಿಸೆಯಲ್ಲಿ ನಾಲ್ಕು ವಿಳಾಸಗಳಿದ್ದವು. ಆರನೇ ನಿಯಮ ಬಂದು ಅವು ಕೈತಪ್ಪಬಾರದೆಂದೇ ಜುಲ್ಫಿಕಾರರ ಮುಖಕ್ಕೆ ದಿಂಬು ಬಿದ್ದಿತ್ತು, ಇನ್ನು ಅವು ಕಾರ್ಖಾನೆಯ ಮಾಲಕನಿಗೆ ಮುಟ್ಟುತ್ತವೆ. ಒಂದು ಈ ಮನೆಯದು. ಉಳಿದವು ಮೂರು.

“ಖಾಲಾ, ನಿಮ್ಮ ಬಿಟ್ಟು ಇನ್ನ ಮೂವರು ಸಾಕ್ಷಿ ಹೇಳೂದೈತಿ. ಯಾರವರು? ಎಲ್ಲಿ ಇರ್ತಾರ?”

ಕರೀಮಾಬಿಯ ಮುಖದಲ್ಲಿ ನಗೆ ಇನ್ನೂ ಪೂರಾ ಆರಿರಲಿಲ್ಲ.

“ನನಗ ಹೆಂಗ ಗೊತ್ತಾಗಬೇಕು ಮಗಳ?” ಅಂದಳು. “ಯಾರ ಹೆಸರು ಯಾರಿಗೂ ಹೇಳಬಾರದು ಅಂತ ನಾವೆಲ್ಲಾ ಹೌದು ಅಂದೇವಲ್ಲ.”